ಹತ್ತರಿಂದ ಭಾಗಿಸಿ

ಜೂನ್ 4

ಪ್ರೀತಿಯ ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ಮೊನ್ನೆ ನೀನು ಬೆಟ್ಟ ಇಳಿದು ಬಂದು ಫೋನ್ ಮಾಡಿದರೆ ನಾನು ಬರೀ ಕೆಮ್ಮಿ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ ಕಣೋ. ಪಕ್ಕದ ಅಂಗಡಿಗೆ ಓಡಿ ರಿಸೀವರ್ ಹಿಡಿಯುವಷ್ಟರಲ್ಲಿ ಇದ್ದ ಉಸಿರೆಲ್ಲ ಖರ್ಚಾಗಿ ಮಾತಿಗೆ ಏನೂ ಉಳಿಯುವುದಿಲ್ಲ. ಕಾಗದದಲ್ಲಾದರೆ ಒಂದು ಸಾಲು ಬರೆದು, ಸುಧಾರಿಸಿಕೊಂಡು, ಇನ್ನೊಂದು ಸಾಲು ಬರೆಯಬಹುದು. ಅಕ್ಕನ ದನಿ ಕೇಳಬೇಕು ಅನ್ನಿಸಿದರೆ ಇದನ್ನೇ ಗಟ್ಟಿಯಾಗಿ ಓದಿಕೋ.

ಸಂತೋಷದ ಸುದ್ದಿ ಮೊದಲು. ಹೊಸ ಹಾಸ್ಟೆಲ್‌ನ ಹಾಸಿಗೆಗಳ ಆರ್ಡರ್ ಅಷ್ಟೂ ನಮ್ಮ ಅಂಗಡಿಗೇ ಬಂದಿದೆ. ಸೆಪ್ಟೆಂಬರಿನಲ್ಲಿ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಹೊಲಿದು ಕೊಡಬೇಕು. ಪ್ರಪಂಚದ ಹತ್ತಿಯೆಲ್ಲ ನಮ್ಮನೆಯಲ್ಲೇ ಬಿದ್ದಿದೆ. ನಿನ್ನ ಭಾವ ಬಸ್ಸು ಓಡಿಸಿ ಸಾಕಾಗಿ ಮನೆಗೆ ಬಂದರೆ ಕುರ್ಚಿ ಎಲ್ಲಿದೆ ಎಂದು ಹುಡುಕಬೇಕು. ‘ಈ ದಮ್ಮು ಇಟ್ಕೊಂಡು ಹತ್ತಿ ಧೂಳಲ್ಲಿ ಕೂರ್ತೀಯಲ್ಲ, ತಲೆ ಕೆಟ್ಟಿದೆಯಾ ನಿಂಗೆ?’ ಎಂದು ಬೈದರು. ಬೈಯಲಿ. ಇಷ್ಟು ವರ್ಷ ಹತ್ತಿ ಹಿಂಜಿ, ತುಂಬಿ, ದಬ್ಬಣ ಹಿಡಿದು ಹೊಲಿದವಳು ನಾನು. ಈ ಅಂಗಡಿ ಕೈಬಿಟ್ಟರೆ ಮೂಲೆಯಲ್ಲಿ ಕೂತು ಕೆಮ್ಮುವ ಒಬ್ಬ ಹೆಂಗಸು ಆಗುತ್ತೇನೆ, ಅಷ್ಟೇ. ಅದು ನನ್ನಿಂದಾಗದು.

ಧೈರ್ಯ ಎಲ್ಲಿಂದ ಬಂತು ಎನ್ನುತ್ತೀಯಾ? ಚಳಿಗಾಲದಲ್ಲಿ ದಮ್ಮು ಜೋರಾದಾಗ ಆಸ್ಪತ್ರೆಯ ಡಾಕ್ಟರು ಸಣ್ಣದೊಂದು ಬಿಳಿ ಮಾತ್ರೆ ಕೊಟ್ಟಿದ್ದರಲ್ಲ, ಅದು ನನಗೆ ಚೆನ್ನಾಗಿ ಒಗ್ಗಿದೆ. ನುಂಗಿದರೆ ಎದೆಯಲ್ಲಿ ಯಾರೋ ಕಿಟಕಿ ತೆಗೆದ ಹಾಗಾಗುತ್ತದೆ. ಊಟವೂ ಸೇರುತ್ತದೆ. ಫೋಟೋ ಇಟ್ಟಿದ್ದೇನೆ, ನಿನ್ನ ಅಕ್ಕ ಹೇಗೆ ದುಂಡಗಾಗಿದ್ದಾಳೆ ನೋಡು.

ನಿನ್ನೆ ಒಂದು ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದೆ, ಬೆನ್ನು ಮುರಿದೇ ಹೋಯಿತು. ಎದ್ದು ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೇರೇನಿಲ್ಲ. ಕೆಲಸ ಬಿಟ್ಟು ನೋಡೋಕೆ ಅಂತ ಬರಬೇಡ. ಇಲ್ಲಿ ಹಾಸಿಗೆ ಬೇಕಾದಷ್ಟಿದೆ, ಅದನ್ನು ಹಾಸೋಕೆ ಜಾಗವಿಲ್ಲ.

ನಿನ್ನ ಅಕ್ಕ

ಜೂನ್ 15

ಅಕ್ಕ, ನಮಸ್ಕಾರ.

ಫೋಟೋ ನೋಡಿ ನಿಜವಾಗಿ ಕಣ್ಣು ತುಂಬಿತು. ಹೋದ ಸಲ ಬಂದಾಗ ನಿನ್ನ ಕೆನ್ನೆಗಳೆರಡೂ ಒಳಗೆ ಹೋಗಿ ಮೂಗೊಂದೇ ಉಳಿದಿತ್ತು. ಈಗ ಮುಖ ಹುಣ್ಣಿಮೆ ಚಂದ್ರ. ಶೆಡ್ಡಿನಲ್ಲಿ ನನ್ನ ಮಂಚದ ಮೇಲ್ಗಡೆ ಅಂಟಿಸಿದ್ದೇನೆ. ಪಕ್ಕದ ಮಂಚದ ವೆಲ್ಡರ್ ನೋಡಿ, ‘ನಿಮ್ಮ ತಂಗೀನಾ?’ ಅಂದ. ಖುಷಿಪಡು.

ಇನ್ನು ಬೆನ್ನು ಮುರಿದ ವಿಷಯ. ಅಪ್ಪ ಏನು ಹೇಳುತ್ತಿದ್ದರು, ಮರೆತೆಯಾ? ‘ಅವಳು ಏನೇ ಹೇಳಿದ್ರೂ ಹತ್ತರಿಂದ ಭಾಗಿಸಿ ಕೇಳ್ರೋ.’ ನೀನು ‘ಮನೆಗೆ ಬೆಂಕಿ ಬಿತ್ತು’ ಎಂದು ಕಿರುಚಿದ ದಿನ ಅಪ್ಪ ಬರಿಗಾಲಿನಲ್ಲಿ ಓಡಿ ಬಂದರೆ ಹಾಲು ಉಕ್ಕಿತ್ತು. ನಾಯಿ ಅಟ್ಟಿಸಿಕೊಂಡು ಬಂತು ಎಂದು ನೀನು ಹೇಳಿದರೆ ನಾಯಿ ಆಕಳಿಸಿತು ಎಂದರ್ಥ. ಹಾಗಾಗಿ ಲೆಕ್ಕ ಹಾಕಿದೆ: ಬೆನ್ನು ಒಂದಿಷ್ಟು ಉಳುಕಿದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ.

ಇಲ್ಲಿ ಬೆಟ್ಟವನ್ನು ಎರಡೂ ಕಡೆಯಿಂದ ಕೊರೆಯುತ್ತಿದ್ದಾರೆ. ಕೊರೆಯುವ ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರ್‌ಗಳು ನನ್ನ ಕೈಯಲ್ಲಿವೆ. ಒಂದು ಕೈಕೊಟ್ಟರೆ ಇಡೀ ಸುರಂಗ ನಿಲ್ಲುತ್ತದೆ. ಎರಡು ಬಾಯಿ ಕೂಡುವ ತನಕ ಯಾರಿಗೂ ರಜೆಯಿಲ್ಲ ಎಂದು ಎಂಜಿನಿಯರು ಖಡಾಖಂಡಿತ ಹೇಳಿದ್ದಾರೆ. ಟಪಾಲು ಜೀಪು ವಾರಕ್ಕೊಂದೇ ಸಲ. ಆದ್ದರಿಂದ ನೀನು ಬೇಗ ಬರೆ, ಉದ್ದ ಬರೆ.

ನಿನ್ನ ತಮ್ಮ

ಜುಲೈ 2

ಪುಟ್ಟಾ,

ಭಾಗಿಸುತ್ತೀಯಾ, ಭಾಗಿಸು. ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಎಣ್ಣೆಯೂ ಆಯಿತು, ಬಿಸಿನೀರೂ ಆಯಿತು. ನೋವು ಹೋದ ಹಾಗೆ ಮಾಡಿ ಮತ್ತೆ ಬಂದು ಕೂರುತ್ತದೆ, ಹೊರಡಲು ಮನಸ್ಸಿಲ್ಲದ ನೆಂಟರ ಹಾಗೆ. ಕೂತು ಹೊಲಿಯುವಾಗ ಪರವಾಗಿಲ್ಲ. ಬಗ್ಗಿ ಹತ್ತಿ ತುಂಬುವಾಗ ಜೀವ ಬಾಯಿಗೆ ಬರುತ್ತದೆ. ಹೋದ ವಾರ ಕೆಮ್ಮು ಹಿಡಿದು, ಕೆಮ್ಮಿ ಕೆಮ್ಮಿ ಪಕ್ಕೆಲುಬು ಮುರಿಯಿತು. ನಗಬೇಡ, ಟಕ್ ಎಂದು ಶಬ್ದ ನನಗೇ ಕೇಳಿಸಿತು. ನಿನ್ನ ಭಾವನಿಗೆ ಹೇಳಿದೆ. ‘ಕೆಮ್ಮಿದ್ರೆ ಯಾರಿಗಾದ್ರೂ ಮೂಳೆ ಮುರಿಯುತ್ತೇನೇ? ನಾಳೆ ಸೀನಿ ತಲೆ ಹಾರಿಹೋಯ್ತು ಅಂತೀಯ’ ಎಂದು ನಕ್ಕು, ಕೊನೆಗೆ ಪಾಪ ಪಕ್ಕೆಗೆ ಬಟ್ಟೆ ಸುತ್ತಿ ಕೊಟ್ಟರು.

ಅವರ ಜೊತೆ ಇನ್ನೊಂದು ಜಗಳವೂ ಆಯಿತು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಕ್ಕರೆ ಡಬ್ಬಿ ಇಡುತ್ತೇನಲ್ಲ, ಮದುವೆಯಾದಾಗಿನಿಂದ ಅದು ಕೈಗೆ ಸಿಗುತ್ತಿತ್ತು. ಈಗ ಬೆರಳ ತುದಿಗೂ ಸಿಗುವುದಿಲ್ಲ. ‘ನನಗೆ ಹೇಳದೆ ಹಲಗೆ ಮೇಲಕ್ಕೆತ್ತಿ ಮೊಳೆ ಹೊಡೆದಿದ್ದೀರಿ’ ಎಂದು ಕೂಗಾಡಿದೆ. ‘ನಾನು ಸುತ್ತಿಗೆ ಮುಟ್ಟಿ ಎಷ್ಟು ವರ್ಷ ಆಯ್ತೇ ತಾಯಿ’ ಎಂದು ಕೈಮುಗಿದರು. ಹಾಗಾದರೆ ಹಲಗೆ ತಾನಾಗಿ ಮೇಲೆ ಹೋಯಿತೇ?

ಒಂದು ಗುಟ್ಟು ಹೇಳುತ್ತೇನೆ, ಭಾವನ ಕಿವಿಗೆ ಹಾಕಬೇಡ. ಡಾಕ್ಟರು ಆ ಬಿಳಿ ಮಾತ್ರೆ ಕೊಟ್ಟಿದ್ದು ಒಂದು ವಾರಕ್ಕೆ. ನಾನು ಅದೇ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಇವತ್ತಿನ ತನಕ ತರುತ್ತಲೇ ಇದ್ದೇನೆ. ಒಂದು ದಿನ ಬಿಟ್ಟರೆ ಏಳೋಕಾಗಲ್ಲ, ತೆಗೆದುಕೊಂಡರೆ ಗಂಡಾಳಿನ ಕೆಲಸ. ಡಾಕ್ಟರ ಹತ್ತಿರ ಹೋದರೆ ‘ಹತ್ತಿ ಬಿಡಿ’ ಅನ್ನುತ್ತಾರೆ, ಅದಕ್ಕೇ ಹೋಗುವುದಿಲ್ಲ. ಹಾಸ್ಟೆಲ್ ಕೆಲಸ ಮುಗಿಯಲಿ, ಆಮೇಲೆ ನಾನೇ ಬಿಡುತ್ತೇನೆ.

ಅಕ್ಕ

ಜುಲೈ 13

ಅಕ್ಕ,

ಹಲಗೆ ತಾನಾಗಿ ಮೇಲೆ ಹೋಗುತ್ತಿದೆ ಎಂದರೆ ಮನೆ ಬೆಳೆಯುತ್ತಿದೆ. ಸ್ವಲ್ಪ ತಾಳು, ಒಂದು ಮಹಡಿ ಪುಕ್ಕಟೆ ಬರಬಹುದು. ಪಕ್ಕೆಲುಬನ್ನೂ ಭಾಗಿಸಿದೆ: ಮೈಕೈ ನೋವು ಎಂದು ಉತ್ತರ ಬಂತು. ವೆಲ್ಡರ್‌ಗೆ ಓದಿ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ.

ಗುಟ್ಟು ನನ್ನಲ್ಲೇ ಇರುತ್ತದೆ. ಮಾತ್ರೆಯಿಂದ ಅನುಕೂಲವಾಗುತ್ತಿದ್ದರೆ ತೆಗೆದುಕೋ. ನಾನು ಕಂಡಂತೆ ಯಂತ್ರ ಓಡುತ್ತಿರುವಾಗ ಎಣ್ಣೆ ನಿಲ್ಲಿಸುವವನು ದಡ್ಡ. ನಿನ್ನ ಮುಖವೇ ಹೇಳುತ್ತಿದೆಯಲ್ಲ, ಒಳಗೆ ಎಲ್ಲ ಸರಿಯಿದೆ ಎಂದು.

ಇಲ್ಲಿ ಬಂಡೆ ಗಟ್ಟಿ ಸಿಕ್ಕಿದೆ, ಹಗಲೆಲ್ಲ ಕಿವಿ ಗುಂಯ್‌ಗುಡುತ್ತದೆ. ಬರೆಯಲು ಕೂತರೆ ಕೈ ನಡುಗುತ್ತದೆ. ಅದಕ್ಕೇ ಚಿಕ್ಕ ಕಾಗದ.

ತಮ್ಮ

ಆಗಸ್ಟ್ 9

ಪುಟ್ಟ,

ಕಾಗದ ತಡವಾಯಿತು. ಬೆನ್ನು ಸ್ವಲ್ಪ ನೋಯುತ್ತಿದೆ. ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಇನ್ನು ಕೆಲವೇ ಹಾಸಿಗೆ ಬಾಕಿ. ದಿನಕ್ಕೆ ಒಂದಿದ್ದ ಮಾತ್ರೆಯನ್ನು ಎರಡು ಮಾಡಿಕೊಂಡಿದ್ದೇನೆ, ಮುಗಿಸುತ್ತೇನೆ.

ನೀನು ಹುಷಾರು.

ಅಕ್ಕ

ಅಕ್ಕಾ,

ಜೀಪಿನವನು ಹಾರನ್ ಹೊಡೆಯುತ್ತಿದ್ದಾನೆ. ಬಾನೆಟ್ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ.

ಆ ಬಿಳಿ ಮಾತ್ರೆ ಎಸೆದುಬಿಡು. ಇವತ್ತೇ. ಒಂದೂ ಇಟ್ಟುಕೊಳ್ಳಬೇಡ, ಚರಂಡಿಗೆ ಹಾಕು. ನಿನ್ನ ಕಾಗದ ಓದಿ ಯಾಕೋ ಹೆದರಿಕೆಯಾಯಿತು. ಫೋಟೋ ಕಿತ್ತುಕೊಂಡು ಕ್ಯಾಂಪಿನ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಕಾಗದ ಮುಟ್ಟಲೇ ಇಲ್ಲ, ಫೋಟೋ ನೋಡಿದವರೇ, ‘ಇವರು ಎಷ್ಟು ದಿನದಿಂದ ಸ್ಟೀರಾಯ್ಡ್ ತಗೊಳ್ತಿದ್ದಾರೆ?’ ಅಂದರು. ಅದು ಮೈ ತುಂಬಿಕೊಂಡಿದ್ದಲ್ಲವಂತೆ ಅಕ್ಕ, ಮಾತ್ರೆ ಮುಖ ಊದಿಸಿದ್ದಂತೆ. ಆಮೇಲೆ ಕೇಳಿದರು: ‘ಬೆನ್ನು ನೋವು ಅಂತಾರಾ? ಕುಳ್ಳಗಾಗಿದ್ದಾರಾ?’

ಹಲಗೆ ಮೇಲೆ ಹೋಗಿಲ್ಲ ಅಕ್ಕ. ನೀನು ಕೆಳಗೆ ಬಂದಿದ್ದೀಯ.

ನಿನ್ನಂಥ ಹಳೇ ದಮ್ಮಿನವರ ಮೂಳೆ ಮೊದಲೇ ಸೊರಗಿರುತ್ತದಂತೆ. ಅದರ ಮೇಲೆ ಈ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಉಳಿದ ಸತ್ವವನ್ನೂ ತಿಂದುಹಾಕುತ್ತದಂತೆ. ಆಮೇಲೆ ಒಂದು ಹಾಸಿಗೆ ಎತ್ತಿದರೂ ಸಾಕು, ಒಂದು ಸಲ ಕೆಮ್ಮಿದರೂ ಸಾಕು. ಆಸ್ಪತ್ರೆಗೆ ಹೋಗಿ ಬೆನ್ನಿನ ಎಕ್ಸ್‌ರೇ ತೆಗೆಸು. ಮೊದಲು ಮಾತ್ರೆ ಎಸೆ. ನನ್ನಾಣೆ.

ತಮ್ಮ

ತಂತಿ, ಆಗಸ್ಟ್ 20

ಮಾತ್ರೆ ನಿಲ್ಲಿಸಬೇಡ. ವಿವರಕ್ಕೆ ಪತ್ರ. ತಮ್ಮ.

ಆಗಸ್ಟ್ 20

ಅಕ್ಕ,

ತಂತಿ ಸಿಕ್ಕಿರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನೆ ಡಾಕ್ಟರಮ್ಮ ಇನ್ನೂ ಮಾತಾಡುತ್ತಲೇ ಇದ್ದರು. ಜೀಪು ತಪ್ಪೀತೆಂದು ನಾನು ಅರ್ಧಕ್ಕೇ ಎದ್ದು ಓಡಿ ಆ ಕಾಗದ ಬರೆದು ಕೊಟ್ಟೆ. ವಾಪಸು ಹೋಗಿ ದೊಡ್ಡ ಕೆಲಸ ಮಾಡಿದವನ ಹಾಗೆ ಹೇಳಿದೆ, ‘ಎಸೆಯೋಕೆ ಬರೆದುಬಿಟ್ಟೆ ಮೇಡಂ’ ಎಂದು.

‘ಪೂರ್ತಿ ಕೇಳದೆ ಯಾಕ್ರೀ ಓಡಿದ್ರಿ? ಇಷ್ಟು ತಿಂಗಳು ತಗೊಂಡ ಮೇಲೆ ಒಂದೇ ದಿನ ನಿಲ್ಲಿಸಿದ್ರೆ ಕುಸಿದು ಬೀಳ್ತಾರೆ, ಜೀವಕ್ಕೇ ಅಪಾಯ’ ಎಂದು ಬೈದರು. ಆ ಔಷಧಿಯಂಥದ್ದೇ ಒಂದನ್ನು ನಮ್ಮ ಮೈ ತಾನೇ ತಯಾರಿಸಿಕೊಳ್ಳುತ್ತದಂತೆ. ಹೊರಗಿನಿಂದ ದಿನಾ ಬರುತ್ತಿದ್ದರೆ ಮೈ ತನ್ನ ಕೆಲಸ ಮರೆತುಬಿಡುತ್ತದಂತೆ. ಅದಕ್ಕೇ ಡಾಕ್ಟರು ನೋಡಿ ನೋಡಿ ತಿಂಗಳುಗಟ್ಟಲೆ ಸಾವಕಾಶವಾಗಿ ಇಳಿಸಬೇಕಂತೆ. ವೈರ್‌ಲೆಸ್‌ನವನ ಕಾಲು ಹಿಡಿದು ಕೆಳಗಿನ ಆಫೀಸಿಗೆ ಹೇಳಿಸಿ ತಂತಿ ಕೊಡಿಸಿದ್ದೇನೆ. ನಾಲ್ಕು ಮಾತಿಗಿಂತ ಹೆಚ್ಚು ಆಗಲ್ಲ ಎಂದ.

ನಿನ್ನ ಕಾಗದದಲ್ಲಿ ನನ್ನನ್ನು ಹೆದರಿಸಿದ್ದು ಯಾವುದು ಗೊತ್ತಾ? ‘ಸ್ವಲ್ಪ’ ಅನ್ನೋ ಪದ. ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ ಆ ಪದ ಕೇಳಿದವನಲ್ಲ ನಾನು. ಬೆನ್ನು ಮುರಿದೇ ಹೋಯಿತು ಎಂದಾಗ ನಕ್ಕೆ. ಸ್ವಲ್ಪ ನೋವು ಎಂದಾಗ ಡಾಕ್ಟರಮ್ಮನ ಹತ್ತಿರ ಓಡಿದೆ. ನಾವು ಬೆಳಗಾದರೆ ಬೆನ್ನು ಮುರೀತು, ಸೊಂಟ ಬಿದ್ದುಹೋಯ್ತು ಎನ್ನುವ ಜನ. ನಿಜವಾಗಿ ಮುರಿದವಳಿಗೆ ಬೇರೆ ಮಾತು ಎಲ್ಲಿಂದ ಸಿಗಬೇಕು?

ಬರೆಯುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ತಂತಿ ನಿನಗೆ ಮೊದಲು ಸಿಗುತ್ತದೆ. ‘ವಿವರಕ್ಕೆ ಪತ್ರ’ ಎಂದು ಅದರಲ್ಲಿದೆ. ಆಮೇಲೆ ನಿನ್ನ ಕೈಗೆ ಬರುವ ಪತ್ರ ಇದಲ್ಲ, ಎಸೆದುಬಿಡು ಎಂದು ಬರೆದದ್ದು. ಅದರ ಮೇಲೆ ತಾರೀಖು ಹಾಕಿದೆನೇ? ಎಷ್ಟು ನೆನಪಿಸಿಕೊಂಡರೂ ಹಾಕಿದ ಹಾಗಿಲ್ಲ.

ಆಗಸ್ಟ್ 26

ಅದೇ ಕಾಗದದಲ್ಲಿ ಮುಂದುವರಿಸುತ್ತಿದ್ದೇನೆ. ಅವತ್ತು ಸಂಜೆಯೇ ವೈರ್‌ಲೆಸ್ ಕೆಟ್ಟಿತು, ಇನ್ನೂ ಸರಿಯಾಗಿಲ್ಲ. ಇವತ್ತು ಜೀಪು ಬಂತು. ನಿನ್ನ ಕಾಗದ ಇಲ್ಲ, ಭಾವನದೂ ಇಲ್ಲ. ಚೀಲವನ್ನು ಎರಡು ಸಲ ಸುರಿದು ನೋಡಿದೆ. ಎಂಜಿನಿಯರನ್ನು ರಜೆ ಕೇಳಿದರೆ, ಇನ್ನೊಂದು ಹತ್ತು ದಿನ, ಎರಡು ಬಾಯಿ ಕೂಡಲಿ, ಆಮೇಲೆ ನಾನೇ ಬಸ್ಸು ಹತ್ತಿಸುತ್ತೇನೆ ಎನ್ನುತ್ತಾರೆ. ಫೋನ್ ಮಾಡಲು ಬೆಟ್ಟ ಇಳಿಯುವುದಕ್ಕೂ ಬಿಡುತ್ತಿಲ್ಲ, ಬಿಟ್ಟು ಬಂದರೆ ಕೆಲಸ ಹೋಗುತ್ತದೆ. ಏನು ಮಾಡಲಿ, ನನಗೆ ದಿಕ್ಕೇ ತೋಚುತ್ತಿಲ್ಲ. ಮಾತ್ರೆ ಎಸೆದಿದ್ದರೆ ಈ ಕಾಗದ ಓದುತ್ತಿದ್ದ ಹಾಗೇ ಆಸ್ಪತ್ರೆಗೆ ಹೋಗು. ಭಾವ, ಇದನ್ನು ನೀವು ಓದುತ್ತಿದ್ದರೆ ಅವಳನ್ನು ಒಂದು ಮಾತೂ ಕೇಳಬೇಡಿ, ಎತ್ತಿಕೊಂಡು ಹೋಗಿ.

ಒಂದೇ ಒಂದು ಅಕ್ಷರ ಬರೆ ಅಕ್ಕ.

ತಮ್ಮ

ಆಗಸ್ಟ್ 31

ಪುಟ್ಟ,

ಬದುಕಿದ್ದೇನೆ. ಮೊದಲು ಅದನ್ನು ಓದಿಕೋ.

ನೀನು ಹೆದರಿದ ಹಾಗೆಯೇ ಆಯಿತು. ತಂತಿ ಬಂದಾಗ ಯಾರೋ ಹೋದರು ಎಂದೇ ನಿನ್ನ ಭಾವ ಅದನ್ನು ಬಿಚ್ಚಿದರು. ಓದಿದರೆ ಮಾತ್ರೆಯ ವಿಷಯ. ಆಗ ನನ್ನ ಗುಟ್ಟು ಹೊರಬಿದ್ದು ಒಂದು ದೊಡ್ಡ ಜಗಳವಾಯಿತು. ‘ವಿವರಕ್ಕೆ ಪತ್ರ ಅಂತಿದೆ, ಬರಲಿ, ಏನು ಬರೆದಿದ್ದಾನೋ ಹಾಗೇ ಮಾಡೋಣ’ ಎಂದು ಕೊನೆಗೆ ತೀರ್ಮಾನ ಮಾಡಿದರು. ಮಾರನೆಯ ದಿನ ಪತ್ರ ಬಂತು. ಎಸೆದುಬಿಡು, ನನ್ನಾಣೆ ಎಂದಿತ್ತು. ತಂತಿ ಆಫೀಸಿನವರು ‘ನಿಲ್ಲಿಸು’ ಎನ್ನುವುದನ್ನು ‘ನಿಲ್ಲಿಸಬೇಡ’ ಮಾಡಿದ್ದಾರೆ ಎಂದು ಅವರನ್ನು ಬೈದುಕೊಂಡೆವು. ಲಕೋಟೆಯ ಮೇಲಿನ ಮುದ್ರೆ ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ? ನಿನ್ನ ಭಾವ ನನ್ನೆದುರೇ ಅಷ್ಟನ್ನೂ ಚರಂಡಿಗೆ ಸುರಿದರು. ಸೋಮವಾರ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದರು.

ಸೋಮವಾರದ ತನಕ ಮೈ ಕಾಯಲಿಲ್ಲ. ಮೊದಲು ಸುಸ್ತು, ಆಮೇಲೆ ವಾಂತಿ, ಆಮೇಲೆ ಕಣ್ಣು ಕತ್ತಲೆ. ದಮ್ಮು ಬೇರೆ ಕಟ್ಟಿಕೊಂಡಿತು. ನಿನ್ನ ಭಾವ ಬಸ್ಸು ತೆಗೆದುಕೊಂಡು ನಮ್ಮ ರಸ್ತೆಯಲ್ಲೇ ಹೋಗುವಾಗ ಪಕ್ಕದ ಅಂಗಡಿಯವನು ಅಡ್ಡ ನಿಂತು ಕೂಗಿದನಂತೆ. ಬಸ್ಸಿನ ತುಂಬ ಜನ. ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಮಲಗಿಸಿ, ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಆಸ್ಪತ್ರೆಯ ಬಾಗಿಲಿಗೇ ಬಸ್ಸು ತಂದರು. ಇಳಿಯಬೇಕಾದವರೆಲ್ಲ ಆಸ್ಪತ್ರೆಯಲ್ಲೇ ಇಳಿದು ವಾಪಸು ನಡೆದರಂತೆ. ರಸ್ತೆಯ ಒಂದೊಂದು ಗುಂಡಿಯೂ ನನ್ನ ಬೆನ್ನಿಗೆ ಗೊತ್ತಾಯಿತು.

ಡ್ರಿಪ್ ಹಾಕಿ ಅದೇ ಔಷಧಿಯನ್ನು ರಕ್ತಕ್ಕೆ ಕೊಟ್ಟರು, ಒಂದೆರಡು ದಿನದಲ್ಲಿ ತಲೆ ಎತ್ತಿದೆ. ಆಮೇಲೆ ಎಕ್ಸ್‌ರೇ. ಬೆನ್ನುಮೂಳೆಯ ಮೂರು ಕಡೆ ಕುಸಿದಿದೆ, ಪಕ್ಕೆಲುಬು ಎರಡು ಮುರಿದಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಇವು ಈಗಿನವಲ್ಲ, ಹಳೇವು. ಮುರಿದಾಗ ಯಾರಿಗೂ ಹೇಳಲಿಲ್ವಾ ಅಮ್ಮ?’ ಎಂದು ಕೇಳಿದರು. ಎಲ್ಲರಿಗೂ ಹೇಳಿದೆ ಎಂದೆ. ನಿನ್ನ ಭಾವ ಎದ್ದು ಹೊರಗೆ ಹೋದರು. ಎಷ್ಟೋ ಹೊತ್ತು ಒಳಗೆ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವಾರ್ಡಿನಲ್ಲಿ ಮಲಗಿ ನಿನ್ನನ್ನು ಬೈದಷ್ಟು ಹುಟ್ಟಿದಾಗಿನಿಂದ ಬೈದಿಲ್ಲ. ತಾರೀಖಿರುವ ನಿನ್ನ ಕಾಗದ ನಿನ್ನೆ ಬಂತು. ಓದಿ ಅತ್ತೆ. ನನ್ನ ಮೇಲೂ ಸಿಟ್ಟಿದೆ. ಡಾಕ್ಟರ ಮುಖ ತಪ್ಪಿಸಿ ಓಡಾಡಿದ್ದು ನಾನೇ ತಾನೆ.

ಮಾತ್ರೆ ಈಗಲೂ ನಡೆಯುತ್ತಿದೆ. ಅದಿಲ್ಲದೆ ಉಸಿರಿಲ್ಲ, ಅದರಿಂದ ಮೂಳೆ ಉಳಿಯುವುದಿಲ್ಲ. ಚೂರು ಚೂರೇ ಇಳಿಸುತ್ತೇವೆ ಎನ್ನುತ್ತಾರೆ. ದಮ್ಮಿಗೆ ಬಾಯಿಗೆ ಎಳೆದುಕೊಳ್ಳುವ ಪಂಪು, ಮೂಳೆಗೆ ಬೇರೆ ಔಷಧಿ ಕೊಟ್ಟಿದ್ದಾರೆ. ಕುಸಿದದ್ದು ಮತ್ತೆ ಎದ್ದು ನಿಲ್ಲುವುದಿಲ್ಲವಂತೆ, ಇನ್ನಷ್ಟು ಕುಸಿಯದ ಹಾಗೆ ನೋಡಿಕೊಳ್ಳಬೇಕಂತೆ. ಬೆನ್ನು ಬಾಗಿರುವುದರಿಂದ ಎದೆಗೂ ಜಾಗ ಕಡಿಮೆಯಾಗಿದೆಯಂತೆ. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಹತ್ತಿ ಮುಟ್ಟುವಂತಿಲ್ಲ. ಉಳಿದ ಹಾಸಿಗೆಗಳನ್ನು ಮೇಲಿನ ಬೀದಿಯ ಅಂಗಡಿಯವರು ಬಂದು ಹೊತ್ತುಕೊಂಡು ಹೋದರು. ನಾನು ಒಳಗಿನ ಮಂಚದಿಂದ ನೋಡುತ್ತಿದ್ದೆ. ಹಿಂಜುವ ಯಂತ್ರವನ್ನೂ ಅವರೇ ಕೇಳಿದ್ದಾರೆ. ಕೊಡಿ ಎಂದುಬಿಟ್ಟೆ.

ಮನೆಗೆ ಬಂದು ಇವತ್ತಿಗೆ ಮೂರನೆಯ ದಿನ. ನಿನ್ನ ಭಾವ ಎಷ್ಟೆಂದು ರಜೆ ಹಾಕುತ್ತಾರೆ? ಬೆಳಿಗ್ಗೆ ನೀರು, ಔಷಧಿ, ಊಟ ಎಲ್ಲ ಕೈಗೆ ಸಿಗುವ ಹಾಗಿಟ್ಟು ಬಸ್ಸಿಗೆ ಹೋದರು. ಅವರು ಹೋದ ಮೇಲೆ ಒಂದು ಸಲ ಕೆಮ್ಮು ಬಂತು. ದಿಂಬು ಅವುಚಿಕೊಂಡು ತಡೆದೆ. ಯಾವ ಮೂಳೆ ಹೋಗುತ್ತದೋ ಎಂದು ಉಸಿರು ಬಿಗಿ ಹಿಡಿದರೆ ದಮ್ಮು, ಬಿಟ್ಟರೆ ಕೆಮ್ಮು. ನನಗೆ ಭಯವಾಗುತ್ತಿದೆ ಪುಟ್ಟ. ಇಷ್ಟು ಭಯ ನನಗೆ ಯಾವತ್ತೂ ಆಗಿಲ್ಲ.

ನೀನು ಬಾ. ಸುರಂಗ ಕೂಡಿದರೂ ಸರಿ, ಕೂಡದಿದ್ದರೂ ಸರಿ. ಬಂದಾಗ ಬಾಗಿಲು ತಟ್ಟಬೇಡ, ಎದ್ದು ಬಂದು ತೆಗೆಯೋಕೆ ನನ್ನಿಂದಾಗಲ್ಲ. ಚಿಲಕ ಹಾಕಿರುವುದಿಲ್ಲ, ತಳ್ಳಿಕೊಂಡು ಒಳಗೆ ಬಾ.

ನಿನ್ನ ಅಕ್ಕ